ಒಂದು ಪೆಟ್ಟಿಗೆಯ ಕ್ರಾಂತಿ ಮತ್ತು ಶ್ರಮದ ಪಾಲು

ಆಧುನಿಕ ಜಗತ್ತನ್ನು ರೂಪಿಸಿದ ಘಟನೆಗಳು ಹಾಗೂ ಆವಿಷ್ಕಾರಗಳ ಪಟ್ಟಿಗಳು ಶಾಲೆಯ ದಿನಗಳಿಂದಲೂ ನಮಗೆ ಪರಿಚಿತ. ಮುದ್ರಣಯಂತ್ರ, ಉಗಿಯಂತ್ರ, ವಿದ್ಯುತ್ತು, ಪೆನಿಸಿಲಿನ್, ಅಣುಶಕ್ತಿ, ಗಣಕಯಂತ್ರ ಎಂದು ಸಾಗುವ ಈ ಪಟ್ಟಿಗಳಲ್ಲಿ ಪ್ರತಿಯೊಂದರ ಎದುರಿಗೂ ಒಬ್ಬ ಮಹಾಪುರುಷನ ಹೆಸರು, ಒಂದು ಇಸವಿ ಇರುತ್ತವೆ. ಆ ವಸ್ತು ಬಂದಾಗ ಯಾರ ಕೈಯ ಕೆಲಸ ಹೋಯಿತು, ಹೋಗುವ ಮುನ್ನ ಅವರನ್ನು ಯಾರಾದರೂ ಕೇಳಿದರೇ ಎಂಬ ವಿವರ ಮಾತ್ರ ಅಲ್ಲಿ ಸಿಗುವುದಿಲ್ಲ. ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯಲು, ಅಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಸ್ಥಾನವನ್ನೇ ಪಡೆಯದ ಒಂದು ವಸ್ತುವನ್ನು ನೋಡಬೇಕು. ಅದು ಸರಕು ಸಾಗಿಸುವ ಉಕ್ಕಿನ ಪೆಟ್ಟಿಗೆ; ಬಂದರಿನ ಮಾತಿನಲ್ಲಿ ಕಂಟೈನರ್.

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂಅರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ 'ಐಡಿಯಲ್ ಎಕ್ಸ್' ಎಂಬ ಹಡಗು ಹೊರಟಿತು. ಎರಡನೆಯ ಮಹಾಯುದ್ಧದ ಕಾಲದ ಹಳೆಯ ತೈಲವಾಹಕ ಅದು. ಅದರ ಡೆಕ್ಕಿನ ಮೇಲೆ ಸಾಲಾಗಿ 58 ಪೆಟ್ಟಿಗೆಗಳಿದ್ದವು. ಈ ಏರ್ಪಾಡು ಮಾಡಿದವನು ವಿಜ್ಞಾನಿಯಲ್ಲ, ನಾವಿಕನೂ ಅಲ್ಲ. ಉತ್ತರ ಕೆರೊಲಿನಾದ ಲಾರಿ ಉದ್ಯಮಿ ಮಾಲ್ಕಂ ಮೆಕ್ಲೀನ್. ಆತನ ಲೆಕ್ಕ ಸರಳವಾಗಿತ್ತು. ಬಿಡಿ ಸರಕನ್ನು ಹಡಗಿಗೆ ತುಂಬಲು ಆಗ ಟನ್ನಿಗೆ 5 ಡಾಲರ್ 86 ಸೆಂಟ್ ಖರ್ಚಾಗುತ್ತಿತ್ತು; ಪೆಟ್ಟಿಗೆಯಲ್ಲಿ ಸಾಗಿಸಿದರೆ 16 ಸೆಂಟಿಗೂ ಕಡಿಮೆ.

ಈ ಎರಡು ಅಂಕಿಗಳ ನಡುವಣ ಅಂತರದಲ್ಲಿ ಬಹುಭಾಗ ಮನುಷ್ಯನ ದುಡಿಮೆಯೇ. ಅಲ್ಲಿಯವರೆಗೆ ಮೂಟೆ, ಪೀಪಾಯಿ, ಮರದ ಪೆಟ್ಟಿಗೆ, ಹತ್ತಿಯ ಅಂಡಿಗೆ ಎಲ್ಲವನ್ನೂ ಒಂದೊಂದಾಗಿ ಕೊಕ್ಕೆ ಹಾಕಿ ಎತ್ತಿ, ಹಡಗಿನ ಹೊಟ್ಟೆಯೊಳಗೆ ಓರಣವಾಗಿ ಜೋಡಿಸಬೇಕಾಗಿತ್ತು. ಒಂದು ಹಡಗು ಬಂದರಿನಲ್ಲಿ ದಿನಗಟ್ಟಲೆ ನಿಲ್ಲುತ್ತಿತ್ತು. ತಂಡತಂಡವಾಗಿ ಜನ ದುಡಿಯುತ್ತಿದ್ದರು. ಪೆಟ್ಟಿಗೆ ಬಂದ ಮೇಲೆ ಕಾರ್ಖಾನೆಯ ಬಾಗಿಲಲ್ಲಿ ಹಾಕಿದ ಬೀಗವನ್ನು ಸಾಗರದಾಚೆಯ ಗೋದಾಮಿನಲ್ಲಿ ತೆರೆದರೆ ಸಾಕಾಯಿತು. ನಡುವೆ ಕೆಲಸ ಮಾಡುವುದು ಕ್ರೇನು.

ಗಮನಿಸಬೇಕಾದ ಸಂಗತಿಯೆಂದರೆ, ಈ ಪೆಟ್ಟಿಗೆಯಲ್ಲಿ ಹೊಸ ವಿಜ್ಞಾನವೇನೂ ಇರಲಿಲ್ಲ. ಇಲ್ಲಿನ ನಿಜವಾದ ಆವಿಷ್ಕಾರ ಒಂದು ಒಪ್ಪಂದ. 1960ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಮಿತಿಗಳು ಪೆಟ್ಟಿಗೆಯ ಅಳತೆಯನ್ನು, ಅದರ ಮೂಲೆಗಳಿಗೆ ಕೂಡಿಸುವ ಉಕ್ಕಿನ ಕಟ್ಟುಗಳ ರೂಪವನ್ನು ಚರ್ಚಿಸಿ ನಿಗದಿ ಮಾಡಿದವು. ಮೂಲೆಕಟ್ಟಿನ ಪೇಟೆಂಟನ್ನು ಮೆಕ್ಲೀನನ ಸಂಸ್ಥೆ ಬಿಟ್ಟುಕೊಟ್ಟಿತು. ಆಗಲೇ ಯಾವುದೇ ದೇಶದ ಪೆಟ್ಟಿಗೆ ಯಾವುದೇ ದೇಶದ ಹಡಗು, ರೈಲು, ಲಾರಿಯ ಮೇಲೆ ಕೂರುವಂತಾದದ್ದು. ಜಗತ್ತು ಬದಲಾದದ್ದು ಉಕ್ಕಿನಿಂದಲ್ಲ, ಇಪ್ಪತ್ತು ಮತ್ತು ನಲವತ್ತು ಅಡಿಯೆಂಬ ಒಡಂಬಡಿಕೆಯಿಂದ.

ಒಡಂಬಡಿಕೆಯ ಫಲ ಬೇಗನೆ ಕಂಡಿತು. 1967ರಲ್ಲಿ ಅಮೆರಿಕ ವಿಯೆಟ್ನಾಮಿನ ಕಾಮ್ ರಾನ್ ಕೊಲ್ಲಿಗೆ ಯುದ್ಧಸಾಮಗ್ರಿಯನ್ನು ಪೆಟ್ಟಿಗೆಗಳಲ್ಲಿ ಸಾಗಿಸತೊಡಗಿತು. ಮರಳುವ ಹಡಗುಗಳು ಖಾಲಿಯಾಗಿ ಹೋಗುವುದೇಕೆಂದು ಜಪಾನಿನಲ್ಲಿ ನಿಂತು ಅಲ್ಲಿಯ ಸರಕನ್ನು ತುಂಬಿಕೊಂಡವು. ಪೂರ್ವ ಏಷ್ಯದ ಕಾರ್ಖಾನೆಗಳಿಗೂ ಅಮೆರಿಕದ ಅಂಗಡಿಗಳಿಗೂ ಬೆಸೆದ ನಂಟಿಗೆ ಹೀಗೆ ಒಂದು ಯುದ್ಧವೂ ನೆರವಾಯಿತು. ಇತ್ತ ಮ್ಯಾನ್‌ಹಟನ್ನಿನ ಧಕ್ಕೆಗಳು ಬರಿದಾದವು. ಹಡಗುಗಳು ನ್ಯೂಜೆರ್ಸಿಯ ಎಲಿಜಬೆತ್ತಿಗೆ ಹೋದವು. ಲಂಡನ್ನಿನ ಹಳೆಯ ಡಾಕುಗಳು ಒಂದೊಂದಾಗಿ ಮುಚ್ಚಿದವು. 1981ರಲ್ಲಿ ರಾಯಲ್ ಡಾಕುಗಳೂ ಮುಚ್ಚಿದವು. ಫೆಲಿಕ್ಸ್‌ಸ್ಟೋ ಎಂಬ ಚಿಕ್ಕ ಊರು ದೊಡ್ಡ ಬಂದರಾಯಿತು.

ಇಷ್ಟೆಲ್ಲ ನಡೆಯುವಾಗ ಕೊಕ್ಕೆ ಹಿಡಿದವರು ಏನು ಮಾಡಿದರು? ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ನಾಯಕ ಹ್ಯಾರಿ ಬ್ರಿಜಸ್ ಯಂತ್ರವನ್ನು ತಡೆಯಲಾಗದೆಂಬುದನ್ನು ಕಂಡುಕೊಂಡ. ತಡೆಯಲಾಗದಿದ್ದರೆ ಅದರ ಲಾಭದಲ್ಲಿ ಪಾಲು ಕೇಳಬೇಕೆಂದು ನಿರ್ಧರಿಸಿದ. 1960ರ ಒಪ್ಪಂದದಂತೆ ಮಾಲಿಕರಿಗೆ ಯಂತ್ರ ತರುವ ಸ್ವಾತಂತ್ರ್ಯ ದೊರೆಯಿತು; ಪ್ರತಿಯಾಗಿ ಅವರು ಐದೂವರೆ ವರ್ಷಗಳಲ್ಲಿ ಸುಮಾರು 2 ಕೋಟಿ 90 ಲಕ್ಷ ಡಾಲರನ್ನು ಕಾರ್ಮಿಕರ ನಿಧಿಗೆ ಕೊಡಬೇಕಾಯಿತು. ನೋಂದಾಯಿತ ಕಾರ್ಮಿಕರನ್ನು ಯಂತ್ರದ ಕಾರಣಕ್ಕೆ ತೆಗೆಯುವಂತಿರಲಿಲ್ಲ. ವಯಸ್ಸಾದವರಿಗೆ ಗೌರವದ ನಿವೃತ್ತಿ ಸಿಕ್ಕಿತು. ಈ ಒಪ್ಪಂದ ನಿರ್ದೋಷವೇನಲ್ಲ. ಪೂರ್ಣ ನೋಂದಣಿಯಿಲ್ಲದ ಕಿರಿಯರಿಗೆ ಅದರಲ್ಲಿ ದಕ್ಕಿದ್ದು ಕಡಿಮೆ. 1971ರಲ್ಲಿ ಅದೇ ಸಂಘ ನೂರಕ್ಕೂ ಹೆಚ್ಚು ದಿನ ಮುಷ್ಕರ ಹೂಡಬೇಕಾಯಿತು. ಆದರೂ ಯಂತ್ರದಿಂದ ಆಗುವ ಉಳಿತಾಯ ಯಾರದು ಎಂಬ ಪ್ರಶ್ನೆಯನ್ನು ಯಂತ್ರ ಪೂರ್ತಿಯಾಗಿ ಬೇರೂರುವ ಮೊದಲೇ ಕೇಳಿದ್ದು ಅದರ ಹೆಗ್ಗಳಿಕೆ.

ಲಂಡನ್ನಿನಲ್ಲಿ ಆ ಪ್ರಶ್ನೆ ತಡವಾಗಿ ಬೀದಿಗೆ ಬಂತು. ಪೆಟ್ಟಿಗೆ ತುಂಬುವ, ಬಿಚ್ಚುವ ಕೆಲಸ ಡಾಕಿನ ಹೊರಗಣ ಡಿಪೋಗಳಿಗೆ ಆಗಲೇ ಜಾರಿಹೋಗಿತ್ತು. 1972ರ ಜುಲೈಯಲ್ಲಿ ಅದರ ವಿರುದ್ಧ ಧರಣಿ ಹೂಡಿದ ಐವರು ಕಾರ್ಮಿಕರು ಪೆಂಟನ್‌ವಿಲ್ ಸೆರೆಮನೆಗೆ ಹೋದರು. ದೇಶವ್ಯಾಪಿ ಪ್ರತಿಭಟನೆಯ ನಡುವೆ ಬಿಡುಗಡೆಯಾದರು. ಆ ಗೆಲವು ದೊಡ್ಡದೇ. ಆದರೆ ಡಾಕುಗಳು ಉಳಿಯಲಿಲ್ಲ.

ಮುಂಬಯಿಯ ಕನ್ನಡಿಗರಿಗೆ ಈ ಕಥೆ ಹೊರಗಿನದಲ್ಲ. ಬಂದರಿನ ಪಕ್ಕದಲ್ಲೇ ಹಾದುಹೋಗುವ ಪಿ. ಡಿಮೆಲ್ಲೊ ರಸ್ತೆಯಲ್ಲಿ ಓಡಾಡುವ ನಮ್ಮವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಮನುಷ್ಯ ಗೊತ್ತು? ಮಂಗಳೂರು ಕಡೆಯಿಂದ ಬಂದ ಪ್ಲಾಸಿಡ್ ಡಿಮೆಲ್ಲೊ ಈ ಗೋದಿಯ ಕಾರ್ಮಿಕರನ್ನು ಸಂಘಟಿಸಿದವರು. 1950ರ ಸುಮಾರಿಗೆ ಮುಂಬಯಿ ಸೇರಿದ ಜಾರ್ಜ್ ಫರ್ನಾಂಡಿಸ್ ಕಾರ್ಮಿಕ ಚಳವಳಿಯ ಪಾಠ ಕಲಿತದ್ದು ಅವರ ಬಳಿಯಲ್ಲಿ. ದಿನಗೂಲಿಯ ಅನಿಶ್ಚಿತತೆಯಿಂದ ಡಾಕ್ ಕಾರ್ಮಿಕನನ್ನು ಬಿಡಿಸಲೆಂದೇ 1948ರಲ್ಲಿ ಡಾಕ್ ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆ ಬಂದಿತ್ತು. ಮೂಟೆ ಹೊರುವ ಮಾಥಾಡಿ, ಹಮಾಲಿಗಳಿಗೆ ಮಹಾರಾಷ್ಟ್ರ 1969ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿತು. ಆದರೆ ಈ ರಕ್ಷಣೆಗಳು ಬಂದದ್ದು ಮೂಟೆಯ ಯುಗಕ್ಕಾಗಿ. ಮ್ಯಾನ್‌ಹಟನ್ನಿಗೆ ಎಲಿಜಬೆತ್ ಹೇಗೋ ಹಾಗೆ ಮುಂಬಯಿಗೆ ನ್ಹಾವಾ ಶೇವಾ ಬಂತು. ಕೊಲ್ಲಿಯಾಚೆ 1989ರಲ್ಲಿ ಜವಾಹರಲಾಲ್ ನೆಹರೂ ಬಂದರು ತೆರೆಯಿತು. ಸರಕು ಅತ್ತ ಹರಿದಂತೆ ಇತ್ತಣ ಧಕ್ಕೆಯಲ್ಲಿ ಕೆಲಸ ಕರಗಿತು.

ಪೆಟ್ಟಿಗೆಯನ್ನು ಶಪಿಸಿ ಪ್ರಯೋಜನವಿಲ್ಲ. ದೇಶದ ಮೊದಲ ಒಳನಾಡು ಕಂಟೈನರ್ ಡಿಪೋ 1981ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಕಡಲಿಲ್ಲದ ಊರಿಗೆ ಬಂದರೇ ನಡೆದು ಬಂದಂತಾಯಿತು. ಆ ನಗರದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವ ಸಾವಿರಾರು ಹೆಂಗಸರ ಅನ್ನ ಇಂಥ ಪೆಟ್ಟಿಗೆಗಳನ್ನೇ ನಂಬಿದೆ. ಅಗ್ಗದ ಸಾಗಣೆಯಿಂದ ಹಲವರು ಬದುಕಿದ್ದಾರೆ ಎಂಬುದು ನಿರ್ವಿವಾದ. ಆದರೆ ಬದುಕಿದವರ ಲೆಕ್ಕದಿಂದ ಬೀದಿಗೆ ಬಿದ್ದವರ ಸಾಲ ತೀರುವುದಿಲ್ಲ. ಒಬ್ಬರಿಗೆ ಬಂದ ಲಾಭವನ್ನು ತೋರಿಸಿ ಇನ್ನೊಬ್ಬರ ನಷ್ಟವನ್ನು 'ಪ್ರಗತಿಯ ಬೆಲೆ' ಎಂದು ಕರೆಯುವವರು, ಆ ಬೆಲೆಯನ್ನು ತಾವೆಂದೂ ತೆತ್ತವರಲ್ಲ.

ಈ ಹಳೆಯ ಕಥೆಯನ್ನು ಇಂದು ಎತ್ತುವುದಕ್ಕೆ ಕಾರಣವಿದೆ. ನಮ್ಮ ಹಿರಿಯರು ಹೋಟೆಲು, ಗಿರಣಿ, ಬಂದರುಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದರು. ಆ ಮಕ್ಕಳು, ಮೊಮ್ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರುಗಳ ಗಣಕದ ಎದುರು ಕುಳಿತಿದ್ದಾರೆ. ಬರೆಯುವ, ಅನುವಾದಿಸುವ, ಲೆಕ್ಕವಿಡುವ, ಪ್ರೋಗ್ರಾಂ ಹೆಣೆಯುವ ಯಂತ್ರ ಈಗ ಅವರ ಮೇಜಿನ ಮೇಲೆಯೇ ಬಂದು ಕುಳಿತಿದೆ. ಅವರಲ್ಲಿ ಹೆಚ್ಚಿನವರಿಗೆ ಸಂಘವಿಲ್ಲ. ಓದಿದವರಿಗೆ ಸಂಘವೇಕೆ ಎಂಬ ಹೆಮ್ಮೆಯೂ ಇದೆ. ಕೊಕ್ಕೆ ಹಿಡಿದ, ಹೆಚ್ಚು ಓದಿರದ ಕಾರ್ಮಿಕರು 1960ರಲ್ಲಿ ಕೇಳಿದ ಪ್ರಶ್ನೆಯನ್ನು ಪದವೀಧರರಾದ ಇವರು ಇನ್ನೂ ಗಟ್ಟಿಯಾಗಿ ಕೇಳಿಲ್ಲ: ಈ ಯಂತ್ರದಿಂದ ಉಳಿಯುವ ಹೊತ್ತು ಯಾರದು, ಹಣ ಯಾರದು?

ಅಳತೆಗಳು ನಿಗದಿಯಾಗುವುದು ಸದ್ದಿಲ್ಲದ ಸಮಿತಿಗಳಲ್ಲಿ. ಅಲ್ಲಿ ಕುಳಿತವರ ಅನುಕೂಲವೇ ಮುಂದೆ ಜಗತ್ತಿನ ನಿಯಮವಾಗುತ್ತದೆ. ದುಡಿಯುವವರ ಪ್ರತಿನಿಧಿಗೆ ಅಲ್ಲೊಂದು ಕುರ್ಚಿ ಕೇಳುವುದು ಯಂತ್ರವಿರೋಧವಲ್ಲ, ನ್ಯಾಯದ ಬೇಡಿಕೆ. ಹೊರನಾಡಿನ ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಯಿಂದ ಒಂದು ಸಂಜೆಯನ್ನಾದರೂ ಬಿಡಿಸಿ ಈ ಚರ್ಚೆಗೆ ಮೀಸಲಿಡಲಿ. ಡಿಮೆಲ್ಲೊ ಅವರಂಥವರನ್ನು ಪಡೆದ ಜನಕ್ಕೆ ಇದು ಹೊಸ ವಿದ್ಯೆಯೇನೂ ಅಲ್ಲ.