ಬೋರ್ ಲಾರಿಯೂ ಒಂದು ರಿಗ್ಗೇ ಅಲ್ಲವೇ?

ಎಂಜಿನಿಯರಿಂಗ್ ಓದುವ ನಮ್ಮಲ್ಲಿ ಅನೇಕರಿಗೆ ತೈಲ ಬಾವಿಯ ರಿಗ್ ಎಂದರೆ ದೊಡ್ಡ ಆಕರ್ಷಣೆ. ಸಮುದ್ರದ ನಡುವೆ ನಿಂತ ಉಕ್ಕಿನ ಗೋಪುರ, ಹೆಲಿಕಾಪ್ಟರ್‌ನಲ್ಲಿ ಹೋಗಿ ಬರುವ ಡ್ಯೂಟಿ, 14 ದಿನ ದುಡಿದರೆ 14 ದಿನ ರಜೆ, ಕೈತುಂಬಾ ಸಂಬಳ. 1974ರಲ್ಲಿ ‘ಸಾಗರ್ ಸಮ್ರಾಟ್’ ರಿಗ್ ಬಾಂಬೆ ಹೈನಲ್ಲಿ ತೈಲ ಪತ್ತೆ ಮಾಡಿದ ಕಥೆಯನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಬಲ್ಲರು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ರಿಗ್ ನೋಡಲು ಮುಂಬೈವರೆಗೆ ಹೋಗಬೇಕಿಲ್ಲ. ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ ಸುತ್ತಿನ ಹೊಲಗಳಿಗೆ ಅದೇ ಬರುತ್ತದೆ. ನಾವು ಅದನ್ನು ಬೋರ್ ಲಾರಿ ಎನ್ನುತ್ತೇವೆ.

ನಮ್ಮ ನೆಲದಲ್ಲಿ ತೈಲ ಸಿಗುವುದಿಲ್ಲ. ತೈಲ ಇರುವುದು ಪದರ ಪದರವಾಗಿ ಕೂತ ಕೆಸರುಗಲ್ಲಿನಲ್ಲಿ. ಕೋಲಾರದ್ದು ಬಹು ಪುರಾತನವಾದ ಗಟ್ಟಿ ಬಂಡೆ. ನೀರು ಕೂಡ ಆ ಬಂಡೆಯ ಬಿರುಕುಗಳಲ್ಲಿ ಮಾತ್ರ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿ ಕೊರೆಯುವುದು ಈಗ ಮಾಮೂಲಿ ಸಂಗತಿ.

ಯಂತ್ರಗಳನ್ನು ಹೋಲಿಸಿ ನೋಡಿ. ತೈಲ ರಿಗ್‌ನಲ್ಲಿ ಪೈಪಿನ ಒಳಗಿಂದ ಕೆಸರಿನಂಥ ದ್ರವವನ್ನು ಕೆಳಗೆ ಪಂಪ್ ಮಾಡುತ್ತಾರೆ. ಅದು ಬಿಟ್ಟನ್ನು ತಂಪಾಗಿಡುತ್ತದೆ, ಕಲ್ಲಿನ ಚೂರುಗಳನ್ನು ಮೇಲಕ್ಕೆ ತರುತ್ತದೆ, ಕೆಳಗಿನ ಅನಿಲದ ಒತ್ತಡವನ್ನೂ ತಡೆಯುತ್ತದೆ. ಬೋರ್ ಲಾರಿಯಲ್ಲಿ ಚೂರು ಎತ್ತುವ ಕೆಲಸ ಗಾಳಿಯದು. ಕಂಪ್ರೆಸರ್‌ನಿಂದ ಬಂದ ಗಾಳಿ ರಾಡಿನೊಳಗೆ ಇಳಿದು ತುದಿಯ ಹ್ಯಾಮರ್ ಅನ್ನು ಬಡಿಸುತ್ತದೆ, ಪುಡಿಯಾದ ಕಲ್ಲನ್ನು ಮೇಲಕ್ಕೆ ಊದುತ್ತದೆ. ತತ್ವ ಒಂದೇ. ದುಡಿಯುವವರ ಬದುಕು ಮಾತ್ರ ಬೇರೆ.

ಒಂದು ರಾಡ್ 20 ಅಡಿ ಎಂದುಕೊಳ್ಳಿ. 1,200 ಅಡಿ ಕೊರೆಯಲು 60 ರಾಡ್ ಜೋಡಿಸಬೇಕು, ಮುಗಿದ ಮೇಲೆ 60 ರಾಡ್ ಬಿಚ್ಚಬೇಕು. ಅಂದರೆ ಒಂದೇ ಬೋರ್‌ಗೆ 120 ಸಲ ಬೆರಳುಗಳು ಕಬ್ಬಿಣದ ನಡುವೆ ಹೋಗಿ ಬರುತ್ತವೆ. ಈ ಲಾರಿಗಳಲ್ಲಿ ಬಹಳಷ್ಟು ತಮಿಳುನಾಡಿನ ತಿರುಚೆಂಗೋಡು ಕಡೆಯವು. ರಾಡ್ ಹಿಡಿಯುವ ಹುಡುಗರಲ್ಲಿ ಅನೇಕರು ಒಡಿಶಾ, ಛತ್ತೀಸಗಡ, ಜಾರ್ಖಂಡ್‌ನಿಂದ ಬಂದವರು, ಹೆಚ್ಚುಕಡಿಮೆ ನಮ್ಮದೇ ವಯಸ್ಸಿನವರು. ಕಾಲಿಗೆ ಚಪ್ಪಲಿ, ಬಾಯಿಗೆ ಸುತ್ತಿದ ಟವೆಲ್. ಪಕ್ಕದಲ್ಲೇ ಕಿವಿಗಡಚಿಕ್ಕುವ ಕಂಪ್ರೆಸರ್. ಕೆಲವರು ನೀರು ಬಿಟ್ಟು ಕೊರೆಯುತ್ತಾರೆ, ಹಲವರು ಒಣದಾಗಿಯೇ ಕೊರೆಯುತ್ತಾರೆ. ಒಣದಾಗಿ ಕೊರೆದರೆ ನೀರು ಸಿಗುವತನಕ ಬಿಳಿ ದೂಳು ಮೋಡದಂತೆ ಏಳುತ್ತಲೇ ಇರುತ್ತದೆ.

ಆ ದೂಳು ಏನೆಂದು ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಅದರ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ಗುಣವಾಗುವುದಿಲ್ಲ. ಭಾರತದಲ್ಲಿ ಈ ಕಾಯಿಲೆ ಮೊದಲು ಗುರುತಾದ ಜಾಗಗಳಲ್ಲಿ ನಮ್ಮ ಚಿನ್ನದ ಗಣಿಯೂ ಒಂದು, ಅದೂ 1940ರ ದಶಕದಲ್ಲಿ. ನೀರು ಹಾಯಿಸುತ್ತಾ ಕೊರೆದರೆ ದೂಳು ಏಳುವುದಿಲ್ಲ ಎಂಬ ಪಾಠವನ್ನು ಗಣಿ ಬೆಲೆ ತೆತ್ತು ಕಲಿಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಆ ಗಣಿ 2001ರಲ್ಲಿ ಮುಚ್ಚಿತು. ಪಾಠವನ್ನೂ ಅದರ ಜೊತೆಗೇ ಮುಚ್ಚಿಬಿಟ್ಟೆವೇ?

ತೈಲ ಬಾವಿಯನ್ನು 1952ರ ಗಣಿ ಕಾಯ್ದೆ ಗಣಿ ಎಂದೇ ಪರಿಗಣಿಸಿತ್ತು. ಅಲ್ಲಿನ ಸುರಕ್ಷತೆಗೆಂದೇ 2017ರಲ್ಲಿ ತೈಲ ಗಣಿ ನಿಯಮಾವಳಿ ಬಂತು. ನಮ್ಮ ರಾಜ್ಯದ 2011ರ ಅಂತರ್ಜಲ ಕಾಯ್ದೆ ಬೋರ್ ಕೊರೆಯುವ ರಿಗ್‌ಗೆ ನೋಂದಣಿ ಬೇಕೆನ್ನುತ್ತದೆ. ನೀರು ಬಾರದ ಕೊಳವೆ ಬಾವಿ ಮುಚ್ಚದವರಿಗೆ ಶಿಕ್ಷೆ ವಿಧಿಸಲು 2024ರಲ್ಲಿ ತಿದ್ದುಪಡಿಯೂ ಬಂತು. ಮಕ್ಕಳು ಬಿದ್ದು ಸತ್ತ ಮೇಲಾದರೂ ಬಂದ ಒಳ್ಳೆಯ ಕಾನೂನು ಅದು. ಆದರೆ ಲಾರಿಯನ್ನೂ ಗುಂಡಿಯನ್ನೂ ಕಂಡ ಕಣ್ಣಿಗೆ ರಾಡ್ ಹಿಡಿದ ಹುಡುಗನೂ ಕಾಣಬೇಕು. ದೂಳು ತಡೆಯಲು ನೀರಿನ ಪಂಪ್, ಹೆಲ್ಮೆಟ್, ಬೂಟು, ಮಾಸ್ಕ್, ಕಿವಿಗೆ ರಕ್ಷಣೆ, ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ಇಲ್ಲದಿದ್ದರೆ ರಿಗ್‌ಗೆ ನೋಂದಣಿ ಕೊಡುವುದಿಲ್ಲ ಎಂದು ಸರ್ಕಾರ ಹೇಳಲಿ.

ಖರ್ಚೆಲ್ಲ ಕೊನೆಗೆ ರೈತನ ಮೇಲೆ ಬೀಳುತ್ತದೆ ಎನ್ನುವವರಿದ್ದಾರೆ. ನಿಜ, ಸಾಲ ಮಾಡಿ ಬೋರ್ ಹಾಕಿಸುವ ರೈತನ ಕಷ್ಟ ಸಣ್ಣದಲ್ಲ. ಆದರೆ ಲಕ್ಷಗಟ್ಟಲೆ ಖರ್ಚಾಗುವ ಕೆಲಸದಲ್ಲಿ ಬೂಟು, ಮಾಸ್ಕಿನ ದುಡ್ಡು ಎಷ್ಟು? ಅದೇ ಲಾರಿ ವರ್ಷಕ್ಕೆ ಎಷ್ಟೋ ಬೋರ್ ಕೊರೆಯುತ್ತದೆ. ಹಂಚಿದರೆ ಒಂದು ಅಡಿಗೆ ಬೀಳುವುದು ಪುಡಿಗಾಸು.

ಇದರಲ್ಲಿ ನಮ್ಮ ಪಾಲೂ ಇದೆ. ಬೆಮೆಲ್‌ನಂಥ ಕಾರ್ಖಾನೆ ಕೆಜಿಎಫ್‌ನಲ್ಲೇ ಇದೆ, ಸುತ್ತ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದುವವರಿಗೆ ಕೊರತೆಯಿಲ್ಲ. ಆದರೂ ಫೈನಲ್ ಇಯರ್ ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ಕಿಟ್ ತಂದು ಜೋಡಿಸುವವರೇ ಹೆಚ್ಚು. ಕೈ ಬಳಸದೆ ರಾಡ್ ಜೋಡಿಸುವ ಅಗ್ಗದ ತೋಳು, ಬೋರಿನ ಬಾಯಲ್ಲೇ ದೂಳು ಹಿಡಿಯುವ ಮುಚ್ಚಳ, ಶಬ್ದ ತಗ್ಗಿಸುವ ಕವಚ: ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ?

ಗೆಳೆಯರೇ, ಸಮುದ್ರದ ರಿಗ್‌ಗೆ ಅರ್ಜಿ ಹಾಕೋಣ, ಸಿಕ್ಕರೆ ಖುಷಿಯಿಂದ ಹೋಗೋಣ. ಅದಕ್ಕೂ ಮೊದಲು ಊರಿಗೆ ಬೋರ್ ಲಾರಿ ಬಂದಾಗ ಎಷ್ಟು ಇಂಚು ನೀರು ಬಂತು ಎಂದು ಕೇಳುವುದರ ಜೊತೆಗೆ, ನೀರು ಬಿಟ್ಟು ಕೊರೆಯುತ್ತೀರಾ ಎಂದೂ ಕೇಳೋಣ.