ಕರಿಮದ್ದು ಕಲಿಸುವ ಪಾಠ

ಅಮೆರಿಕದಲ್ಲಿ 1873ರ ಮಾದರಿಯ ಒಂಟಿಗುಂಡಿನ ರೈಫಲುಗಳಿಗೆ ಇಂದಿಗೂ ತಮ್ಮ ಕೈಯಿಂದಲೇ ತೋಟಾಗಳನ್ನು ತುಂಬಿಕೊಳ್ಳುವ ಹವ್ಯಾಸಿಗಳಿದ್ದಾರೆ. ಇದು ಹಳೆಯದರ ಮೇಲಣ ಬರಿಯ ಮೋಹವೆಂದು ನಗುವವರುಂಟು, ನಾವು ನಗಲಾರೆವು. ಇದರಲ್ಲಿ ವಿಜ್ಞಾನವೂ ಇದೆ, ಅಪಾಯವೂ ಇದೆ.

ಪೆಟ್ಲುಪ್ಪು 75, ಇದ್ದಲು 15, ಗಂಧಕ 10 ಭಾಗ ಬೆರೆತುದೇ ಕರಿಮದ್ದು. ಅದು ಉರಿದಾಗ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಘನಪದಾರ್ಥವಾಗಿ ಉಳಿದು, ಒಂದಂಶ ಬಿಳಿಯ ಹೊಗೆಯಾಗಿಯೂ ಇನ್ನೊಂದಂಶ ನಳಿಗೆಯ ಕಿಟ್ಟವಾಗಿಯೂ ಪರಿಣಮಿಸುತ್ತದೆ. ಕಿಟ್ಟ ಗಟ್ಟಿಯಾದರೆ ಗುರಿ ಕೆಡುತ್ತದೆ. ಆದುದರಿಂದಲೇ ಸೀಸದ ಗುಂಡಿಗೆ ಜಿಡ್ಡಿನ ಲೇಪ. ಕಿಟ್ಟದ ಲವಣಗಳು ನೀರಿನಲ್ಲಿ ಕರಗುವುದರಿಂದಲೇ ನಳಿಗೆಗೆ ನೀರಿನ ತೊಳೆತ.

ಮದ್ದಿಗೂ ಗುಂಡಿಗೂ ನಡುವೆ ಗಾಳಿಗೆ ಎಡೆಯಿರಬಾರದು, ತೋಟಾ ತುಂಬಿರಬೇಕು ಎಂಬುದು ಕರಿಮದ್ದಿನ ಮುಖ್ಯ ನಿಯಮ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಸಿದ್ಧಪಡಿಸಿದ ಹೊಗೆಯಿಲ್ಲದ ಮದ್ದಿನ ಶಕ್ತಿಯಾದರೋ ಬಹು ಹೆಚ್ಚು. ಅಂತಹ ಮದ್ದನ್ನು ಅದೇ ನಿಯಮದಂತೆ ಹಳೆಯ ತೋಟಾದ ತುಂಬ ತುಂಬಿದರೆ ಕೋವಿಯೇ ಸಿಡಿದು, ಹಿಡಿದವನ ಕಣ್ಣು ಕೈಗಳು ಹೋದಾವು!

ಕಾರಣವನ್ನರಿಯದೆ ಪಾಲಿಸಿದ ನಿಯಮ ಹೀಗೆ ವೈರಿಯಾಗುತ್ತದೆ. ಈ ಕಲೆಯನ್ನು ಕಲಿಸುವವರು ‘ಎಷ್ಟು’ ಎಂಬುದಕ್ಕಿಂತ ಮೊದಲು ‘ಏಕೆ’ ಎಂಬುದನ್ನು ಹೇಳಲಿ ಎಂಬುದೇ ನಮ್ಮ ಅಭಿಪ್ರಾಯ.