ಅಡ್ಜಸ್ಟ್ ಮಾಡ್ಕೋ ಅನ್ನೂದು ಸಾಕ್ರಿ ಇನ್ನ

ನಮ್ಮ ಕಡೆ ಮಗಾ ಆಗ್ಲಿ ಮಗಳಾಗ್ಲಿ ಅಮೇರಿಕಾಕ್ಕ ಓದಾಕ ಹೊಂಟ್ರ ಮನಿಮಂದಿ ಮೂರು ಸಾಮಾನು ಕಟ್ಟಿ ಕೊಡ್ತಾರ. ಒಂದು ಕುಕ್ಕರು, ಒಂದು ಡಬ್ಬಿ ಶೇಂಗಾ ಹಿಂಡಿ, ಮತ್ತ "ಹೊರಗಿನ ದೇಶ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗವಾ" ಅನ್ನೂ ಒಂದು ಮಾತು. ಮೊದಲಿನ ಎರಡು ಖರೇನ ಉಪಯೋಗಕ್ಕ ಬರ್ತಾವ. ಮೂರನೇದ್ದರ ಲಾಭ ಆಗೂದು ಮನಿ ಮಾಲಕಗ.

ನಾ ಇರೂದು ಅಯೋವಾ ರಾಜ್ಯದ ಏಮ್ಸ್ ಊರಾಗ. ಸುತ್ತ ಕಣ್ಣು ಹಾಯಿಸೂತನಕ ಗೋವಿನಜ್ವಾಳ ಮತ್ತ ಸೋಯಾ, ನಡುವ 1858ರಾಗ ಶುರು ಆದ ಒಂದು ದೊಡ್ಡ ವಿಶ್ವವಿದ್ಯಾಲಯ. ಊರಿನ ಮಂದಿ ಸುಮಾರು 66,000, ಅದರಾಗ ಹತ್ತಿರ ಹತ್ತಿರ ಅರ್ಧದಷ್ಟು ವಿದ್ಯಾರ್ಥಿಗಳು. ಅಂದ್ರ ಬಾಡಿಗಿ ಮನಿ ಅನ್ನೂದು ಈ ಊರಾಗ ಅಡ್ಡಕಸಬು ಅಲ್ರಿ, ಅದ ಮುಖ್ಯ ಕಸಬು. ನಮ್ಮ ಕಡೆಯಿಂದ ಎಂ.ಎಸ್., ಪಿಎಚ್.ಡಿ. ಮಾಡಾಕ ಬರೂ ಹುಡುಗ್ರು ಈ ಕಸಬಿನ ಅತ್ಯಂತ ಸೋವಿ ಗಿರಾಕಿಗಳು. ಕೇಳಿದ ಕಡೆ ಸಹಿ ಹಾಕ್ತಾರ, ಹೇಳಿದಷ್ಟು ಕೊಡ್ತಾರ, ಹೋಗೂಮುಂದ ಮನಿ ತೊಳದು ಬಳದು, "ಥ್ಯಾಂಕ್ ಯೂ ಸರ್" ಅಂದು ಹೋಗ್ತಾರ.

ಲೆಕ್ಕಾ ನೋಡ್ರಿ. ಅಸಿಸ್ಟಂಟ್‌ಶಿಪ್ ಅನ್ನೂದು ಭಾಳ ವಿಭಾಗದಾಗ ಒಂಬತ್ತು ತಿಂಗಳದ್ದು. ಲೀಸು ಹನ್ನೆರಡು ತಿಂಗಳದ್ದು. ನಡುವಿನ ಮೂರು ತಿಂಗಳು ಪ್ರೊಫೆಸರ ಹತ್ರ ಗ್ರ್ಯಾಂಟ್ ಇದ್ರ ಬದುಕಿದಿ, ಇಲ್ಲಂದ್ರ ಅಪ್ಪನ ಕಡೆ ಕೈಚಾಚು. ಎಫ್-1 ವೀಸಾದ ಮ್ಯಾಲ ಶಾಲಿ ನಡದಾಗ ವಾರಕ್ಕ 20 ತಾಸಿನಕಿಂತ ಹೆಚ್ಚು ದುಡಿಯೂಹಂಗಿಲ್ಲ. ಜೋಡಿ ಬಂದ ಹೇಣ್ತಿಗೆ, ಇಲ್ಲಾ ಗಂಡಗ, ಎಫ್-2 ವೀಸಾದ ಮ್ಯಾಲ ಒಂದು ಡಾಲರೂ ಗಳಸೂಹಂಗಿಲ್ಲ. ಹೊಸದಾಗಿ ಬಂದವರಿಗೆ ಇಲ್ಲಿ ಸಾಲದ ಇತಿಹಾಸ ಇರೂದಿಲ್ಲ, ಅದಕ್ಕ ಜಾಮೀನು ಕೊಡು, ಇಲ್ಲಂದ್ರ ಮೊದಲ ಇಷ್ಟು ತಿಂಗಳ ಬಾಡಿಗಿ ಇಡು ಅಂತಾರ. ಮೊದಲನೇ ಪಗಾರ ಕೈಗೆ ಬರೂದ್ರಾಗ ವಾರಗಟ್ಟಲೆ ಹೋಗಿರ್ತಾವ. ಇದನ್ನೆಲ್ಲಾ ಕಟ್ಟಿದ್ದು ಬೆರಳೆಣಿಕಿ ಮಂದಿ, ಹೊರೂದು ಇಪ್ಪತ್ಮೂರು ವರ್ಷದ ಹುಡುಗ. ಅವಗ ನಾವು ಹೇಳೂದು ಏನಂದ್ರ, ಅಡ್ಜಸ್ಟ್ ಮಾಡ್ಕೋ!

ಜುಲೈ 31 ಬಂತಂದ್ರ ಊರಿನ ಮಾರಿ ನೋಡಬೇಕ್ರಿ. ಕ್ಯಾಂಪಸ್ಸಿನ ಸುತ್ತಿನ ಲೀಸು ಭಾಳಷ್ಟು ಆವತ್ತ ಮುಗೀತಾವ, ಹೊಸಾವು ಆಗಸ್ಟ್ 1ಕ್ಕ ಶುರು. ಹಳೇ ಮನಿ ಕೀಲಿ ಇವತ್ತ ಕೊಡು, ಹೊಸಾದು ನಾಳೆ ತಗೋ. ನಡುವಿನ ರಾತ್ರಿ ಎಲ್ಲಿ ಮಲಗಬೇಕು ಅಂತ ಲೀಸಿನಾಗ ಬರದಿರೂದಿಲ್ಲ. ಒಂದು ವರ್ಷ ಬಾಡಿಗಿ ಕಟ್ಟಿ, ಮುಂದಿನ ವರ್ಷದ ಡಿಪಾಸಿಟ್ಟೂ ಕಟ್ಟಿದ ಹುಡುಗಿ ಆವತ್ತ ರಾತ್ರಿ ಕಾರಿನಾಗ ಗಾದಿ ಹೇರಿಕೊಂಡು ಯಾರದರೆ ಮನಿ ಹುಡುಕ್ತಾಳ. ಹಾದಿ ಬದಿಗೆ ಸೋಫಾ, ಟೇಬಲ್ಲು, ಮೈಕ್ರೋವೇವ್ ಒಗದಿರ್ತಾರ. ಒಂದ ರಾತ್ರಿ ಇಡಾಕ ಜಾಗ ಇಲ್ಲ ಅಂತ ಛಲೋ ಸಾಮಾನು ಕಸಕ್ಕ ಹೋಗ್ತದ. ನಮ್ಮ ಕನ್ನಡದ ಮನಿಗಳ ಗ್ಯಾರೇಜು ಆವತ್ತ ಗೋದಾಮು. ಮಾಡ್ತೀವಿ, ಮಾಡೂದು ಬಿಡೂದಿಲ್ಲ, ಮಕ್ಕಳು ಮಳಿಯಾಗ ನಿಂತಾಗ ಬಾಗಲಾ ತಗೀದ ಇರಾಕ ಆಗ್ತದೇನ? ಆದ್ರ ಒಂದು ಮಾತು ಹೇಳ್ಬೇಕು. ನಾವು ಹಾಸಗಿ ಹಾಸೂದು ಪುಣ್ಯಾದ ಕೆಲಸ ಅಂತ ಎದಿ ಉಬ್ಬಿಸಿ ತಿರಗ್ತೀವಲ್ಲಾ, ಆ ಪುಣ್ಯಾದ ಮ್ಯಾಲನ ಮಾಲಕನ ಈ ಅಂಗಡಿ ನಡೀತದ.

ಈ ಊರಿಗೆ ಇದು ಹೊಸಾದೂ ಅಲ್ಲ. ಸುಮಾರು ನೂರು ವರ್ಷದ ಹಿಂದ ಕರಿಯ ವಿದ್ಯಾರ್ಥಿಗಳಿಗೆ ಇಲ್ಲಿ ಕಾಲೇಜಿನ ವಸತಿಗೃಹದಾಗ ಜಾಗ ಇರಲಿಲ್ಲ. ಪಾಠಕ್ಕ ಕೂಡು, ಮಲಗಾಕ ಬ್ಯಾರೆ ಕಡೆ ಹೋಗು. ಆಗ ಆರ್ಚಿ ಮಾರ್ಟಿನ್, ನ್ಯಾನ್ಸಿ ಮಾರ್ಟಿನ್ ಅನ್ನೂ ಗಂಡ ಹೇಣ್ತಿ ಲಿಂಕನ್ ವೇ ರಸ್ತಾದಾಗಿನ ತಮ್ಮ ಮನಿಯೊಳಗ ಆ ಹುಡುಗ್ರನ್ನ ಇಟ್ಟುಕೊಂಡ್ರು. ಈಗ ಕ್ಯಾಂಪಸ್ಸಿನಾಗ ಮಾರ್ಟಿನ್ ಹಾಲ್ ಅಂತ ಅವರ ಹೆಸರಿನ ವಸತಿಗೃಹ ಅದ. ಛಲೋ ಆತು. ಆದ್ರ ಆ ಹೆಸರು ಓದಿದಾಗೆಲ್ಲಾ ನನಗ ಅನಸೂದು, ಮಾಡಬೇಕಾದವರು ಮಾಡಲಿಲ್ಲ, ಅದಕ್ಕ ಆ ತಾಯಿ ಮಾಡ್ಬೇಕಾತು. ಕಾಲೇಜಿಗೆ ಮನಸ್ಸು ಬಂದ್ರ ಕಟ್ಟಾಕ ಬರೂದಿಲ್ಲ ಅಂತೇನಿಲ್ಲ. ಎರಡನೇ ಮಹಾಯುದ್ಧ ಮುಗದು ಸಿಪಾಯಿಗಳು ಹೆಂಡ್ರು ಮಕ್ಕಳನ್ನ ಕಟ್ಟಿಕೊಂಡು ಓದಾಕ ಬಂದಾಗ ಇದೇ ಕಾಲೇಜು ಗಡಬಡಿಸಿ ಪ್ಯಾಮೆಲ್ ಕೋರ್ಟ್ ಅನ್ನೂ ವಸತಿ ಎಬ್ಬಿಸಿತ್ತು. ಹಂಗಿದ್ರ ಇವತ್ತ ಲ್ಯಾಬು ನಡಸೂ, ಕ್ಲಾಸು ತಗೊಳ್ಳೂ, ಪೇಪರ್ ತಿದ್ದೂ ಹುಡುಗ್ರಿಗೆ ಹನ್ನೆರಡು ತಿಂಗಳ ಪಗಾರ, ಒಂದು ರಾತ್ರಿಯ ಹಾಸಗಿ ಕೊಡಾಕ ಯಾಕ ಆಗವಲ್ದು?

"ನಾವು ಐದು ಮಂದಿ ಒಂದ ಮನ್ಯಾಗ ಇದ್ವಿ, ನೆಲದ ಮ್ಯಾಲ ಮಲಗಿದ್ವಿ, ಏನಾತು?" ಅಂತ ದೀಪಾವಳಿ ಊಟದಾಗ ಹೇಳೂ ಕಾಕಾಗಳು ಇದ್ದಾರ. ಏನಾತು ಅಂದ್ರ ಇದಾತ್ರಿ: ರಕ್ತಸಂಬಂಧ ಇಲ್ಲದವರು ಮೂರು ಮಂದಿಕಿಂತ ಹೆಚ್ಚು ಒಂದು ಮನ್ಯಾಗ ಇರಬಾರದು ಅಂತ ಈ ಊರಾಗ ನಿಯಮ ಇತ್ತು. 2007ರಾಗ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಅಂಥಾ ನಿಯಮ ಮಾಡೂಹಂಗಿಲ್ಲ ಅಂತ ರಾಜ್ಯದ ಶಾಸನಸಭೆ ಹೇಳಿದ್ದು 2017ರಾಗ. ಅಲ್ಲಿತನಕ ಅಡ್ಜಸ್ಟ್ ಮಾಡ್ಕೊಂಡ ಹುಡುಗ್ರು ಪಟ್ಟಿಯೊಳಗ ಹೆಸರಿಲ್ಲದ ಬಾಡಿಗಿದಾರರು. ಹೆಸರಿಲ್ಲದವ ಹೀಟರ್ ಕೆಟ್ರ ಯಾರ ಹತ್ರ ಹೋಗಿ ಕೇಳ್ಬೇಕು?

ನನಗ ಭಾಳ ಸಿಟ್ಟು ಬರೂದು ಡಿಪಾಸಿಟ್ಟಿನ ವಿಷಯಕ್ಕ. ನಮಗ ಗೊತ್ತಿರೂ ಒಬ್ಬ ಹುಡುಗಿ ಮನಿ ಬಿಟ್ಟಾಗ ಮಾಲಕ ಕಾರ್ಪೆಟ್ ತೊಳಸಾಕ ಇಷ್ಟು, ಗ್ವಾಡಿಗೆ ಬಣ್ಣಾ ಇಷ್ಟು, ಮ್ಯಾಲ "ಅಡಗಿ ವಾಸನಿ" ಅಂತ ಮತ್ತಷ್ಟು ಮುರಕೊಂಡು ಉಳದ ಪುಡಿಗಾಸು ಕಳಿಸಿದ. ಒಗ್ಗರಣಿ ಕೊಟ್ಟದ್ದಕ್ಕ ದಂಡ! ಊರಿಗೆ ಫೋನ್ ಮಾಡಿದ್ರ ಅವ್ವ ಅಂದ್ಲಂತ, "ಹೋಗ್ಲಿ ಬಿಡವಾ, ಅಲ್ಲಿಯವರ ಕೂಡ ಜಗಳಾ ಬ್ಯಾಡ, ವೀಸಾಕ್ಕ ತ್ರಾಸ ಆದೀತು."

ವೀಸಾಕ್ಕೂ ಡಿಪಾಸಿಟ್ಟಿಗೂ ಏನ ಸಂಬಂಧ ಅಕ್ಕಾರ? ತನ್ನ ರೊಕ್ಕ ವಾಪಸ್ ಕೇಳಿ ಪತ್ರ ಬರದ್ರ ಯಾರೂ ದೇಶದಿಂದ ಹೊರಗ ಹಾಕೂದಿಲ್ಲ. ಅಯೋವಾದ ಕಾನೂನು ಈ ವಿಷಯದಾಗ ಸ್ವಚ್ಛ ಅದ. ಎರಡು ತಿಂಗಳ ಬಾಡಿಗಿಕಿಂತ ಹೆಚ್ಚು ಡಿಪಾಸಿಟ್ಟು ತಗೊಳ್ಳೂಹಂಗಿಲ್ಲ. ಮನಿ ಬಿಟ್ಟು ಹೊಸ ವಿಳಾಸ ಕೊಟ್ಟ 30 ದಿನದೊಳಗ ವಾಪಸ್ ಕೊಡ್ಬೇಕು, ಮುರಕೊಂಡ್ರ ಯಾಕ ಮುರಕೊಂಡೆ ಅಂತ ಬರದು ಕೊಡ್ಬೇಕು. ದಿನಾ ಬಳಸಿ ಸವದದ್ದಕ್ಕ ರೊಕ್ಕ ಹಿಡಿಯೂಹಂಗಿಲ್ಲ. ಹಾಳು ಮಾಡ್ಯಾರ ಅಂತ ತೋರಸೂ ಹೊಣಿ ಮಾಲಕಂದು, ಹುಡುಗಿದಲ್ಲ. ಕೆಟ್ಟ ಉದ್ದೇಶದಿಂದ ಇಟ್ಟುಕೊಂಡಾನ ಅಂತ ಸಾಬೀತಾದ್ರ ಮ್ಯಾಲ ಎರಡು ತಿಂಗಳ ಬಾಡಿಗಿತನಕ ದಂಡ ಬೀಳಬಹುದು. ಕಾರ್ಪೆಟ್ ಹೊಲಸು ಆಗಿರಲಿ ಬಿಡಲಿ, ತೊಳಸೂ ಖರ್ಚು ಡಿಪಾಸಿಟ್ಟಿನಾಗ ತಾನ ಹಿಡೀತೀವಿ ಅನ್ನೂ ಕರಾರು ನಡಿಯೂದಿಲ್ಲ ಅಂತ 2016ರಾಗ ರಾಜ್ಯದ ಸುಪ್ರೀಂ ಕೋರ್ಟ್ ಹೇಳ್ಯದ. ಅದು ಅಯೋವಾ ಸಿಟಿಯ ಬಾಡಿಗಿದಾರರು ಹೂಡಿದ ಖಟ್ಲೆ. ಹೋಗ್ಲಿ ಬಿಡು ಅಂತ ಅವರು ಸುಮ್ಮನ ಕೂತಿದ್ರ ಆ ತೀರ್ಪು ಎಲ್ಲಿಂದ ಬರ್ತಿತ್ತು?

ವಿಶ್ವವಿದ್ಯಾಲಯದಾಗ ವಿದ್ಯಾರ್ಥಿಗಳಿಗೆ ಕಾನೂನಿನ ಸಲಹಾ ಕೊಡೂ ಕಚೇರಿ ಅದ, ಅದರ ಫೀ ಹುಡುಗ್ರು ಆಗಲೇ ಕಟ್ಟಿರ್ತಾರ. ನಮ್ಮ ಹುಡುಗ್ರು ಅಲ್ಲಿಗೆ ಹೋಗೂದಿಲ್ಲ. ವಕೀಲರ ಕಚೇರಿ ಮೆಟ್ಟಲಾ ಹತ್ತಿದ್ರ ಮರ್ಯಾದಿ ಹೋಗ್ತದ ಅಂತ ಕಲಿಸಿದವರು ನಾವ. ಲೀಸು ಸಹಿ ಮಾಡೂಕಿಂತ ಮೊದಲ ಅಲ್ಲಿ ತೋರಸಬೇಕು, ಮನಿಗೆ ಬಂದ ದಿನಾನ ಗ್ವಾಡಿ, ಒಲಿ, ಕಾರ್ಪೆಟ್ಟು, ಬಚ್ಚಲಾ ಎಲ್ಲಾದ್ದರ ಫೋಟೋ ತಗದು ಮಾಲಕಗ ಈಮೇಲ್ ಕಳಿಸಬೇಕು. ಫೋನಿನಾಗ ಹೇಳಿದ್ದು ಹೇಳಿದಂಗಲ್ಲ.

ಇದನ್ನ ಓದೂ ಊರಿನ ಅವ್ವಂದ್ರಿಗೆ ಒಂದು ವಿನಂತಿ. ಈ ಸಲ ಚೀಲಾ ಕಟ್ಟೂಮುಂದ ಆ ಮೂರನೇ ಸಾಮಾನು ಹೊರಗ ತಗೀರಿ. ಆ ಜಾಗಾದಾಗ ಇದನ್ನ ಹೇಳಿ ಕಳಸ್ರಿ: ಮನಿ ಬಿಡೂಮುಂದ ಹೊಸ ವಿಳಾಸ ಬರದು ಕೊಡು, ಅದರ ನಕಲು ಹತ್ರ ಇಟ್ಟುಕೋ. ಡಿಗ್ರಿ ಮುಗಿಸಿ ಕ್ಯಾಲಿಫೋರ್ನಿಯಾಕ್ಕ, ಟೆಕ್ಸಾಸಿಗೆ ನೌಕರಿಗೆ ಓಡೂ ಗಡಬಡಿಯೊಳಗ ಹುಡುಗ್ರು ಮರೆಯೂದು ಇದನ್ನ. ಒಂದು ವರ್ಷದೊಳಗ ವಿಳಾಸ ಬರದು ಕೊಡಲಿಲ್ಲ ಅಂದ್ರ ಆ ಡಿಪಾಸಿಟ್ಟು ಕಾನೂನಿನ ಪ್ರಕಾರನ ಮಾಲಕಂದು ಆಗ್ತದ.